ಹೊಲ ಅವರದು, ಹಾಯುವ ಹಕ್ಕು ನಿಮ್ಮದು

ಪ್ರಶ್ನೆ: ನಮ್ಮದು ಸಿಂದಗಿ ತಾಲೂಕಿನ ಒಂದು ಹಳ್ಳಿ. ಅಜ್ಜನ ಕಾಲಕ್ಕೆ ಒಂದೇ ಇದ್ದ ಹೊಲ ಅಪ್ಪ ಮತ್ತು ದೊಡ್ಡಪ್ಪನ ವಾಟ್ನಿಯಲ್ಲಿ ಎರಡಾಯಿತು. ರಸ್ತೆಗೆ ಹತ್ತಿದ ಪಾಲು ದೊಡ್ಡಪ್ಪಗೆ, ಹಿಂದಿನದು ನಮಗೆ. ಅವರ ಬದುವಿನ ಮಗ್ಗುಲಿಂದ ನಮ್ಮ ಬಂಡಿ ಮೂವತ್ತು ವರ್ಷದ ಮೇಲೆ ಅಡ್ಡಾಡಿದೆ. ಈ ಸಲ ದೊಡ್ಡಪ್ಪನ ಮಗ ಜೆಸಿಬಿ ತಂದು ಅಡ್ಡ ತಗ್ಗು ತೋಡಿಸಿದ್ದಾನೆ. ತೊಗರಿ ಕಾಯಿ ಕಟ್ಟಿದೆ, ರಾಶಿ ಮಷೀನ್ ಒಳಗೆ ಹೋಗುವಂತಿಲ್ಲ. ಇದರ ನಡುವೆ ಗಾಳಿ ವಿದ್ಯುತ್ ಕಂಪನಿ ಕಡೆಯವರೆಂದು ಹೇಳಿ ಇಬ್ಬರು ಬಂದು, ನಮ್ಮ ಹೊಲದಲ್ಲಿ ಲೈನ್ ಹಾಯಿಸಲು ಸ್ಟಾಂಪ್ ಪೇಪರಿನ ಮೇಲೆ ಸಹಿ ಕೇಳುತ್ತಿದ್ದಾರೆ. ಸಹಿ ಹಾಕಿದರೆ ಹೊಲ ಹೋಗುತ್ತದೆಂದು ಅವ್ವ ಅಳುತ್ತಾಳೆ. ಏನು ಮಾಡಬೇಕ್ರಿ?

ಉತ್ತರ: ನಿಮ್ಮ ತೊಂದರೆ ಎರಡಾದರೂ ಬೇರು ಒಂದೇ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಹಾದುಹೋಗುವ ಹಕ್ಕು ಎಲ್ಲಿಂದ ಹುಟ್ಟುತ್ತದೆ, ಎಲ್ಲಿಗೆ ಮುಗಿಯುತ್ತದೆ ಎಂಬುದು. ಒಂದು ಕಡೆ ನೀವು ಹಾಯುವವರು, ಇನ್ನೊಂದು ಕಡೆ ಹಾಯಲು ಬಿಡಬೇಕಾದವರು. ತೊಗರಿ ಕಾಯುವುದಿಲ್ಲವಾದ್ದರಿಂದ ದಾರಿಯ ಮಾತು ಮೊದಲು.

1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಅನುಭೋಗದ ಹಕ್ಕಿನ ಕಾಯ್ದೆ, ಮುಂಬೈ ಪ್ರಾಂತಕ್ಕೆ 1891ರಲ್ಲೇ ಬಂತು. ಆಗ ನಿಮ್ಮ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆ ಅದೇ ಪ್ರಾಂತದಲ್ಲಿತ್ತು. ಅದರ 13ನೇ ಕಲಂ ನಿಮಗಾಗಿಯೇ ಬರೆದಂತಿದೆ: ಕೂಡಿದ ಆಸ್ತಿ ವಾಟ್ನಿಯಾದಾಗ ಒಬ್ಬರ ಪಾಲಿನಲ್ಲಿ ಹಾಯದೆ ಇನ್ನೊಬ್ಬರ ಪಾಲು ಅನುಭವಿಸಲು ಬರುವುದೇ ಇಲ್ಲವೆಂದರೆ, ಹಾಯುವ ಹಕ್ಕು ವಾಟ್ನಿಯ ಜೊತೆಗೇ ಹುಟ್ಟುತ್ತದೆ. ವಾಟ್ನಿ ಪತ್ರದಲ್ಲಿ ದಾರಿಯ ಮಾತು ಬರೆಯದಿದ್ದರೂ ಹುಟ್ಟುತ್ತದೆ. ಆದರೆ ನಿಮ್ಮ ಹೊಲಕ್ಕೆ ಬೇರೆ ಯಾವ ದಾರಿಯೂ ಇರಬಾರದು. ಹಳ್ಳದ ಕಡೆಯಿಂದ ಸುತ್ತು ಹಾಕಿ ಬರುವ ದಾರಿಯೊಂದಿದ್ದರೆ, ಬರೀ ಹತ್ತಿರವಾಗುತ್ತದೆಂಬ ಕಾರಣಕ್ಕೆ ಈ ಕಲಂ ನಡೆಯದು. ಆಗ 15ನೇ ಕಲಂ ನೋಡಬೇಕು. ಕದ್ದು ಅಲ್ಲ, ಕೇಳಿ ಅಲ್ಲ, ಜಗಳವಾಡಿಯೂ ಅಲ್ಲ, ಹಕ್ಕೆಂದೇ 20 ವರ್ಷ ಬಿಡದೆ ಅಡ್ಡಾಡಿದ್ದರೆ ಆ ದಾರಿ ಹಕ್ಕಾಗುತ್ತದೆ. ಆದರೆ ತಡೆ ಬಿದ್ದ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ‘ಹಿರಿಯರ ಕಾಲದಿಂದ ನಡೆದದ್ದಲ್ಲವೇ’ ಎಂದು ಸುಮ್ಮನೆ ಕುಳಿತವರು ಕಳೆದುಕೊಳ್ಳುವುದು ಇಲ್ಲಿಯೇ.

ರಾತ್ರಿ ಇನ್ನೊಂದು ಜೆಸಿಬಿ ತಂದು ತಗ್ಗು ಮುಚ್ಚಬೇಡಿ. ಸಿವಿಲ್ ತಕರಾರು ಫೌಜದಾರಿಯಾಗುತ್ತದೆ, ಹಕ್ಕಿದ್ದವರೇ ಆರೋಪಿಯಾಗುತ್ತೀರಿ. ಬದಲಿಗೆ ತಗ್ಗಿನ ಫೋಟೊ ತೆಗೆಯಿರಿ. ಅದರ ಆಚೆ ಈಚೆ ಹಳೆಯ ಬಂಡಿ ಜಾಡು ಇನ್ನೂ ಉಳಿದಿದ್ದರೆ ಅದನ್ನೂ ಹಿಡಿಯಿರಿ. ಎರಿ ನೆಲದಲ್ಲಿ ಗಾಲಿಯ ಗುರುತು ಗಟ್ಟಿಯಾಗಿ ನಿಂತಿರುತ್ತದೆ, ಒಂದು ದೊಡ್ಡ ಮಳೆಯಾದರೆ ಅಳಿಸಿಹೋಗುತ್ತದೆ. ಗ್ರಾಮ ನಕಾಶೆ, ವಾಟ್ನಿ ಪತ್ರ, ಇಬ್ಬರ ಉತಾರಗಳನ್ನು ತೆಗೆಸಿ. ಪ್ರತಿ ವರ್ಷ ರಾಶಿ ಮಾಡಿಕೊಟ್ಟ ಮಷೀನಿನವನು, ಮಗ್ಗುಲ ಹೊಲದ ಹಿರಿಯರು ನಿಮ್ಮ ಸಾಕ್ಷಿ.

ನಕಾಶೆಯಲ್ಲಿ ಬಂಡಿದಾರಿ ಕಂಡರೆ ಕೆಲಸ ಹಗುರ. ಅಂಥ ದಾರಿ ತೆರವು ಮಾಡಿಸುವಂತೆ ಕಂದಾಯ ಇಲಾಖೆ 2023ರಲ್ಲೇ ತಹಶೀಲ್ದಾರರಿಗೆ ಸುತ್ತೋಲೆ ಕೊಟ್ಟಿದೆ. ನಿಮ್ಮದು ವಾಟ್ನಿಯಿಂದ ಹುಟ್ಟಿದ ದಾರಿ, ನಕಾಶೆಯಲ್ಲಿ ಸಿಗುವುದು ಕಡಿಮೆ. ಆಗಲೂ ಬಾಗಿಲು ಮುಚ್ಚಿಲ್ಲ. ದಾರಿ ತಕರಾರಿನಿಂದ ಶಾಂತಿ ಕದಡುವಂತಿದ್ದರೆ ತಹಶೀಲ್ದಾರರು ತಾಲೂಕು ದಂಡಾಧಿಕಾರಿಯಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಲ್ಲಿ ವಿಚಾರಣೆ ಮಾಡಿ ಅಡ್ಡಿ ತೆಗೆಸಬಹುದು. 2024ರ ಜುಲೈಗೆ ಮೊದಲು ಇದೇ ಸಿಆರ್‌ಪಿಸಿ 147 ಆಗಿತ್ತು. ಸುಗ್ಗಿಗೊಮ್ಮೆ ಬಳಸುವ ದಾರಿಯಾದರೆ ಕಳೆದ ಹಂಗಾಮಿನಲ್ಲಿ ಬಳಸಿದ್ದೀರೋ ಇಲ್ಲವೋ ಎಂಬುದನ್ನು ಅಲ್ಲಿ ನೋಡುತ್ತಾರೆ. ಆದ್ದರಿಂದ ಈ ಹಂಗಾಮು ದಾಟಿಸಬೇಡಿ. ಕಾಯಂ ತೀರ್ಪು ಮಾತ್ರ ಸಿವಿಲ್ ಕೋರ್ಟಿನದು; ಸಿಂದಗಿಯಲ್ಲೇ ಇದೆ. ದಾವೆಯ ಜೊತೆಗೇ ಮಧ್ಯಂತರ ಆದೇಶಕ್ಕೂ ಅರ್ಜಿ ಹಾಕಿಸಿ, ಇಲ್ಲವಾದರೆ ತೊಗರಿ ಹೊಲದಲ್ಲೇ ಸಿಡಿದು ಹೋದ ಮೇಲೆ ತೀರ್ಪು ಬರುತ್ತದೆ.

ಇನ್ನು ನಿಮಗೆ ರುಚಿಸದ ಒಂದು ಮಾತು. ದೊಡ್ಡಪ್ಪನ ಮಗ ಈಗಲೇ ಯಾಕೆ ತಗ್ಗು ತೋಡಿಸಿದ ಎಂದು ಕೇಳಿದ್ದೀರಾ? ಬಂಡಿ ಹೋಗುತ್ತಿದ್ದಲ್ಲಿ ಈಗ ಟ್ರ್ಯಾಕ್ಟರ್, ರಾಶಿ ಮಷೀನ್, ಮುಂದೆ ಕಬ್ಬಿನ ಡಬಲ್ ಟ್ರೇಲರ್ ಬರುತ್ತದೆ. ಹಸಿ ಎರಿ ನೆಲದಲ್ಲಿ ಒಮ್ಮೆ ಗಾಲಿ ಹೂತರೆ ಮುಂದಿನ ಗಾಡಿ ಬೆಳೆಯ ಮೇಲೇ ಹಾಯುತ್ತದೆ. ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ, ಕಾಲುದಾರಿ ತಾನಾಗಿ ಬಂಡಿದಾರಿಯಾಗದು ಎಂದು ಅದೇ ಕಾಯ್ದೆಯ 28ನೇ ಕಲಂ ಹೇಳುತ್ತದೆ. ವಾಟ್ನಿಯಿಂದ ಹುಟ್ಟುವ ದಾರಿಯಲ್ಲಿ ಹಾಯುವವರಿಗೆ ಅನುಕೂಲವಾಗುವಂಥ ಜಾಗ ಗೊತ್ತುಮಾಡುವ ಅಧಿಕಾರವೂ ಹೊಲದವರದೇ. ಹಾಗಾಗಿ ಕೋರ್ಟಿಗಿಂತ ಮೊದಲು ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಬದುವಿಗೆ ಹತ್ತಿ ಇಷ್ಟೇ ಅಡಿ, ಗರಸು ಹಾಕಿಸುವ ಖರ್ಚು ನಮ್ಮದು, ಬೆಳೆ ತುಳಿದರೆ ಪರಿಹಾರ ಕೊಡುತ್ತೇವೆ ಎನ್ನಿ. ಒಪ್ಪಿದರೆ ಬಾಯಿಮಾತಿಗೆ ಬಿಡದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಉತಾರದ 11ನೇ ಕಾಲಮಿನಲ್ಲಿ ದಾಖಲಾಗಲು ಅರ್ಜಿ ಕೊಡಿ. ನಾಳೆ ಅವರು ಹೊಲ ಮಾರಿದರೂ ಕೊಂಡವರಿಗೆ ದಾರಿ ಕಾಗದದಲ್ಲೇ ಕಾಣುತ್ತದೆ. ಇಂಡಿ ಕಡೆ ಲಿಂಬೆ ತೋಟಕ್ಕೆ ಬೇರೆಯವರ ಹೊಲದಲ್ಲಿ ಪೈಪ್‌ಲೈನ್ ತರುವವರಿಗೂ, ಮುದ್ದೇಬಿಹಾಳದಲ್ಲಿ ಕಾಲುವೆ ನೀರು ಹಾಯಿಸಿಕೊಳ್ಳುವವರಿಗೂ ನನ್ನ ಮಾತು ಇದೇ.

ಈಗ ಲೈನಿನ ವಿಷಯ. ಅವ್ವನಿಗೆ ಮೊದಲು ಧೈರ್ಯ ಹೇಳಿ: ತಂತಿ ಹಾದರೆ ಹೊಲದ ಮಾಲಿಕತ್ವ ಹೋಗುವುದಿಲ್ಲ, ತಂತಿಯ ಕೆಳಗೆ ಜೋಳ, ತೊಗರಿ ಬೆಳೆಯಬಹುದು. ಎತ್ತರದ ಗಿಡ, ಮನೆಗೆ ಮಾತ್ರ ಅಡ್ಡಿ. ಆದರೆ ಕಾಗದ ಓದದೆ ಸಹಿ ಹಾಕಿದರೆ ಹೊಲ ಹೋಗಲೂಬಹುದು, ಅವ್ವನ ಭಯ ಸುಳ್ಳಲ್ಲ. ಅದು ಬರೀ ಲೈನಿನ ಒಪ್ಪಿಗೆಯೋ, ಲೀಸೋ, ಖರೇದಿ ಕರಾರೋ, ಜಿಪಿಎ ಎಂಬ ಮುಖ್ತ್ಯಾರ ಪತ್ರವೋ? ಜಿಪಿಎ ಎಂದಿದ್ದರೆ ಮುಟ್ಟಲೇಬೇಡಿ. ಖಾಲಿ ಜಾಗ ಬಿಟ್ಟ ಕಾಗದವನ್ನೂ ಮುಟ್ಟಬೇಡಿ. ಹಿಸ್ಸಾ ನಂಬರು, ಕಂಬ ಎಷ್ಟು, ಎಷ್ಟು ವರ್ಷ, ರಿಪೇರಿಗೆ ಬಂದು ಬೆಳೆ ತುಳಿದಾಗ ಎಷ್ಟು ಕೊಡುತ್ತಾರೆ, ಇದೇ ನೆಪದಲ್ಲಿ ರಸ್ತೆಯನ್ನೂ ಕೇಳುತ್ತಾರೆಯೇ, ಎಲ್ಲವೂ ಬರೆದಿರಬೇಕು.

ಎಷ್ಟು ಕೆವಿ ಲೈನು ಎಂದು ತಪ್ಪದೆ ಕೇಳಿ. ಹಳ್ಳಿ ಕಂಬದ 11 ಕೆವಿ ಲೈನಿಗೂ ಕೂಡಗಿಯ ಸ್ಥಾವರದಿಂದ ಹೊರಟು ಬಸವನ ಬಾಗೇವಾಡಿ ಕಡೆ ಕಾಣುವ ದೈತ್ಯ ಟವರುಗಳಿಗೂ ನಿಯಮ ಒಂದೇ ಅಲ್ಲ. ವಿದ್ಯುತ್ ಕಾಯ್ದೆಯಡಿ ಮಾಡಿದ 2006ರ ನಿಯಮಗಳ ಪ್ರಕಾರ ಲೈಸೆನ್ಸ್ ಪಡೆದ ಕಂಪನಿ ಹೊಲದವರ ಒಪ್ಪಿಗೆ ಪಡೆಯಬೇಕು. ತಕರಾರು ಬಂದರೆ ಜಿಲ್ಲಾ ದಂಡಾಧಿಕಾರಿಯ ಲಿಖಿತ ಅನುಮತಿ ತರಬೇಕು. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನ ಅಧಿಕಾರ ಸರ್ಕಾರದಿಂದ ಪಡೆದವರಿಗೆ ಮಾತ್ರ ಒಪ್ಪಿಗೆ ಬೇಕಿಲ್ಲ, ಆದರೆ ಪರಿಹಾರ ಕೊಡಲೇಬೇಕು. ಆ ಪರಿಹಾರ ಕಡಿಮೆಯೆನಿಸಿದರೆ ವಿಜಯಪುರದ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. 66 ಕೆವಿ ಮತ್ತು ಮೇಲಿನ ಲೈನಿಗೆ ಕೇಂದ್ರ ಸರ್ಕಾರದ 2015ರ ಮಾರ್ಗಸೂಚಿ ಟವರ್ ಬುಡದ ಜಾಗಕ್ಕೆ ಭೂಮಿ ಬೆಲೆಯ ಶೇ. 85, ತಂತಿ ಕೆಳಗಿನ ಪಟ್ಟಿಗೆ ಶೇ. 15ರವರೆಗೆ ಎಂದಿತ್ತು, 2024ರಲ್ಲಿ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಿದರು. ನಿಮ್ಮ ಜಿಲ್ಲೆಯಲ್ಲಿ ಯಾವ ಆದೇಶದಂತೆ ಕೊಡುತ್ತಿದ್ದಾರೆಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಬಂದ ಆ ಇಬ್ಬರಿಂದಲೂ ಕಂಪನಿಯ ಅಧಿಕಾರ ಪತ್ರ ಮತ್ತು ಸರ್ಕಾರದ ಆದೇಶದ ಪ್ರತಿ ಕೇಳಿ. ಕೊಡದಿದ್ದರೆ ಸಹಿ ಇಲ್ಲ.

ಸಿಂದಗಿ ಕೋರ್ಟಿನ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಉತಾರದಲ್ಲಿ ಅವ್ವನ ಹೆಸರೂ ಇದ್ದರೆ ಅವರನ್ನೇ ಕರೆದುಕೊಂಡು ಹೋಗಿ ಅರ್ಜಿ ಕೊಡಿಸಿ. ಆ ಸ್ಟಾಂಪ್ ಪೇಪರನ್ನು ವಕೀಲರು ಓದುವವರೆಗೆ ಮನೆಯಲ್ಲಿ ಯಾರೂ ಸಹಿ, ಹೆಬ್ಬೆಟ್ಟು ಹಾಕಬೇಡಿ.