ಬಿಟ್ಟಿ ಸಿಕ್ಕ ಕೋಡಿಗೂ ವಾರಸುದಾರರಿದ್ದಾರೆ

ನಮ್ಮ ಸಾತನೂರಿಗೆ ಚನ್ನಪಟ್ಟಣ ಬಹು ದೂರವೇನಲ್ಲ. ಅಲ್ಲಿ ಆಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಬೊಂಬೆಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಮರದ ಬೊಂಬೆಯನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಬೇರೆಲ್ಲೋ ತಯಾರಾದದ್ದನ್ನು ‘ಚನ್ನಪಟ್ಟಣದ್ದು’ ಎಂದು ಮಾರುವಂತಿಲ್ಲ. ಸಾಫ್ಟ್‌ವೇರ್ ಬರೆಯಲು ಹೊರಟಿರುವ ನಮ್ಮ ಸೀಮೆಯ ಹುಡುಗ ಹುಡುಗಿಯರು ಈ ನ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಾನೂನು ಬೇರೆ, ತಿರುಳು ಒಂದೇ: ದುಡಿದವರ ಗುರುತು ಅಳಿಸಬಾರದು. 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಲೆಕ್ಕ ಇಡುವ ಆ್ಯಪ್ ಮಾಡುವ ಆಲೋಚನೆ ಎಲ್ಲರದು. ಅದಕ್ಕಾಗಿ ಒಬ್ಬರು ಬರೆದ ಕೋಡಿನ ಸಾಲುಗಳು ಅವರವು. ನೌಕರಿಯ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಕಂಪನಿಯದು. ಕೆಲಸ ಬಿಡುವಾಗ ಅದನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತರಬೇಡಿ.

‘ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಸಿಗುವುದಕ್ಕೆ ಯಾರ ಅಪ್ಪಣೆ ಬೇಕು?’ ಎಂದು ಕೇಳಬಹುದು. ಮುಕ್ತವೆಂದರೆ ವಾರಸುದಾರರಿಲ್ಲದ್ದು ಎಂದಲ್ಲ. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳು ಕಾಸಿಲ್ಲದೆ ಸಿಗುತ್ತವೆ, ಆದರೆ ಪರವಾನಗಿಯೊಂದಿಗೆ. ಮುಕ್ತ ಕೋಡಿಗೆ ಬಳಸುವ ಎಂಐಟಿ ಪರವಾನಗಿ ಕೇಳುವುದು ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಳ್ಳಿ ಎಂದಷ್ಟೇ. ಜಿಪಿಎಲ್ ಎಂಬ ಇನ್ನೊಂದು ಪರವಾನಗಿಯ ಕೋಡನ್ನು ತಿದ್ದಿ ಹಂಚಿದರೆ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ‘ಹಣವಿಲ್ಲದವರು ಕಳ್ಳಪ್ರತಿಯಿಲ್ಲದೆ ಹೇಗೆ ಕಲಿಯುವುದು?’ ಎಂಬ ಮಾತಿನಲ್ಲಿ ನೋವಿದೆ. ಆದರೆ ಲಿನಕ್ಸ್, ಪೈಥಾನ್ ಮುಂತಾದ ಮುಕ್ತ ಸಾಫ್ಟ್‌ವೇರ್ ಇರುವಾಗ ಆ ದಾರಿ ಬೇಕಿಲ್ಲ. ತಿಳಿದೂ ಸಾಫ್ಟ್‌ವೇರಿನ ಕಳ್ಳಪ್ರತಿ ಬಳಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ 3 ವರ್ಷದವರೆಗೂ ಸೆರೆವಾಸ ವಿಧಿಸಬಹುದು. ಶಿಕ್ಷೆಗಿಂತ ದೊಡ್ಡದು ನಂಬಿಕೆ. ನಾಳೆ ನಿಮ್ಮ ಕೋಡನ್ನೂ ಯಾರೋ ಬಳಸುತ್ತಾರೆ. ಅದರಲ್ಲಿ ನಿಮ್ಮ ಹೆಸರು ಉಳಿಯಬೇಕಾದರೆ ಇಂದು ಇನ್ನೊಬ್ಬರ ಹೆಸರನ್ನು ಉಳಿಸಿ.