ಎಂಜಿನ್ನಿನ ತಾಳ ತಪ್ಪಿದಾಗ

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿಳಿದು ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಎಂಜಿನ್ನಿನ ಸದ್ದು ಹೊಸದಲ್ಲ. ಎಲ್ಲವೂ ಸರಿಯಾಗಿದ್ದಾಗ ಅದು ಒಂದೇ ಲಯದಲ್ಲಿ ಸಾಗುತ್ತದೆ. ಕೆಲವೊಮ್ಮೆ ಏರಿನಲ್ಲಿ ನಡುವೆ ಒಂದು ಪೆಟ್ಟು ತಪ್ಪಿದಂತಾಗಿ ಗಾಡಿ ಅದುರುತ್ತದೆ, ಎಳೆತ ಕುಗ್ಗುತ್ತದೆ. "ಮಿಸ್ಸಿಂಗ್ ಹೊಡೀತಿದೆ" ಎನ್ನುತ್ತಾರೆ ಚಾಲಕರು. ಪುಸ್ತಕದ ಮಾತಿನಲ್ಲಿ ಇದನ್ನು ದಹನ ತಪ್ಪುವಿಕೆ ಎನ್ನಬಹುದು. ಆದರೆ ಕನ್ನಡ ಪಾಠ ಹೇಳುವ ನಮಗೂ ಇಲ್ಲಿ ಆಡುಮಾತೇ ಹೆಚ್ಚು ಸಮರ್ಥವೆಂದು ತೋರುತ್ತದೆ. ತಪ್ಪಿದ ಪೆಟ್ಟನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಾಲ್ಕು ಹೊಡೆತದ ಎಂಜಿನ್ನಿನ ಪಾಠವನ್ನು ನೀವು ವಿಜ್ಞಾನದ ತರಗತಿಯಲ್ಲಿ ಓದಿರುತ್ತೀರಿ. ಪಿಸ್ಟನ್ ಇಂಧನ ಮತ್ತು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಅದುಮುತ್ತದೆ, ಉರಿದ ಅನಿಲದಿಂದ ತಳ್ಳಿಸಿಕೊಳ್ಳುತ್ತದೆ, ಹೊಗೆಯನ್ನು ಹೊರದೂಡುತ್ತದೆ. ಅಷ್ಟರಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗಿರುತ್ತದೆ. ನಾಲ್ಕು ಸಿಲಿಂಡರುಗಳಿದ್ದರೆ ಅರ್ಧ ಸುತ್ತಿಗೊಂದರಂತೆ, ಸಾಮಾನ್ಯವಾಗಿ 1, 3, 4, 2 ಎಂಬ ಸರದಿಯಲ್ಲಿ, ಒಂದೊಂದೇ ಉರಿಯುತ್ತವೆ. ಪೆಟ್ರೋಲ್ ಗಾಡಿಯಲ್ಲಿ ಪ್ಲಗ್ಗಿನ ಕಿಡಿ ಹಾರದಿರಬಹುದು. ಡೀಸೆಲ್ ಗಾಡಿಯಲ್ಲಿ ಇಂಧನ ಸರಿಯಾಗಿ ಚಿಮ್ಮದಿರಬಹುದು. ಎರಡರಲ್ಲೂ ವಾಲ್ವು ಸೋರಿ ಒತ್ತಡ ಸಾಲದೆ ಹೋಗಬಹುದು. ಕಾರಣ ಯಾವುದೇ ಇರಲಿ, ಆ ಸರದಿಯ ತಳ್ಳುವಿಕೆ ಬರುವುದಿಲ್ಲ.

ಇದನ್ನು ಹಿಡಿಯಲು ಹಿಂದಿನವರಿಗೆ ಕಿವಿಯೇ ಉಪಕರಣ. ಕೊಯಮತ್ತೂರು ಸೀಮೆಯಲ್ಲಿ ಜಿ.ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಬಸ್ಸು ಓಡಿಸತೊಡಗಿದ ಮೇಲೆ, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲ ಮೆಕ್ಯಾನಿಕ್ಕುಗಳ ಪರಂಪರೆ ಇಲ್ಲಿ ಬೆಳೆಯಿತು. ಅವರ ಉಪಾಯ ಸರಳ. ಎಂಜಿನ್ ಓಡುತ್ತಿರುವಾಗ ಒಂದೊಂದೇ ಪ್ಲಗ್ಗಿನ ತಂತಿ ಬಿಡಿಸುವುದು. ಡೀಸೆಲ್ ಆದರೆ ಇಂಧನ ಕೊಳವೆಯ ನಟ್ಟು ಸಡಿಲಿಸುವುದು. ಬಿಡಿಸಿದೊಡನೆ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಬಿಡಿಸಿದರೂ ಸದ್ದು ಬದಲಾಗದಿದ್ದರೆ ಅಲ್ಲೇ ದೋಷ. ದುಡಿಯದವನು ರಜೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ! (ಇಂದಿನ ಗಾಡಿಗಳಲ್ಲಿ ಇದನ್ನು ಮಾಡಬಾರದು. ವಿದ್ಯುತ್ತಿನ ಒತ್ತಡ ಹಲವು ಸಾವಿರ ವೋಲ್ಟುಗಳಷ್ಟಿರುತ್ತದೆ. ಇನ್ನೊಂದು ಕಾರಣ ಮುಂದೆ ಬರುತ್ತದೆ.)

ಭಾಮಿನಿ ಷಟ್ಪದಿಯ ಸಾಲೊಂದನ್ನು ನೆನೆಯಿರಿ. 3, 4, 3, 4 ಎಂದು ಗಣ ವಿಂಗಡಿಸಿದರೆ 14 ಮಾತ್ರೆ. ಒಂದು ಮಾತ್ರೆ ಕಡಿಮೆಯಾದರೆ ಏನೋ ಕೆಟ್ಟಿದೆಯೆಂದು ಮೊದಲು ಕಿವಿ ಹೇಳುತ್ತದೆ. ಯಾವ ಗಣದಲ್ಲಿ ಕೆಟ್ಟಿತೆಂದು ತಿಳಿಯಲು ಪ್ರಸ್ತಾರ ಹಾಕಲೇಬೇಕು. ಇಂದಿನ ಎಂಜಿನ್ ತಾನೇ ಪ್ರಸ್ತಾರ ಹಾಕಿಕೊಳ್ಳುತ್ತದೆ. ಕ್ರ್ಯಾಂಕ್ ದಂಡಕ್ಕೆ ಹಲ್ಲುಗಳುಳ್ಳ ಒಂದು ಚಕ್ರ ಜೋಡಿಸಿರುತ್ತಾರೆ. ಹಲವು ಗಾಡಿಗಳಲ್ಲಿ ಅದು 60 ಹಲ್ಲಿನ ಚಕ್ರ. ಆದರೆ ಬೇಕೆಂದೇ 2 ಹಲ್ಲುಗಳನ್ನು ಬಿಟ್ಟಿರುತ್ತಾರೆ. ಬಿಟ್ಟ ಜಾಗವೇ ಸಾಲಿನ ಆರಂಭದ ಗುರುತು. ಪಕ್ಕದಲ್ಲಿ ಕುಳಿತ ಸಂವೇದಕ ಹಲ್ಲು ದಾಟಿದಾಗಲೆಲ್ಲ ಸಂಕೇತ ಕಳಿಸುತ್ತದೆ. ಎರಡು ಸುತ್ತುಗಳಲ್ಲಿ ಇದು ಯಾವ ಸುತ್ತು ಎಂಬುದನ್ನು ಕ್ಯಾಮ್ ದಂಡದ ಇನ್ನೊಂದು ಸಂವೇದಕ ತಿಳಿಸುತ್ತದೆ.

ಇನ್ನು ಲೆಕ್ಕ. ನಿಮಿಷಕ್ಕೆ 800 ಸುತ್ತಿನಲ್ಲಿ ಒಂದು ಸುತ್ತಿಗೆ 75 ಮಿಲಿಸೆಕೆಂಡು, ಅರ್ಧ ಸುತ್ತಿಗೆ 37.5. ಅನುಕ್ರಮವಾಗಿ 37, 38, 41, 37 ಮಿಲಿಸೆಕೆಂಡು ಬಂದವೆಂದು ಇಟ್ಟುಕೊಳ್ಳಿ. ಮೂರನೆಯ ಸರದಿಯಲ್ಲಿ ತಳ್ಳುವವರಿಲ್ಲದೆ ದಂಡ ನಿಧಾನವಾಗಿದೆ. ಸರದಿ 1, 3, 4, 2 ಆದ್ದರಿಂದ ತಪ್ಪಿದ್ದು 4ನೆಯ ಸಿಲಿಂಡರ್. ನಿಮಿಷಕ್ಕೆ 3000 ಸುತ್ತಾದರೆ ಅರ್ಧ ಸುತ್ತಿಗೆ 10 ಮಿಲಿಸೆಕೆಂಡು ಮಾತ್ರ. ಮೇಲಾಗಿ ವೇಗದಲ್ಲಿರುವ ಭಾರದ ಚಕ್ರ ತನ್ನ ಜಡತ್ವದಿಂದಲೇ ಕೊರತೆಯನ್ನು ಮುಚ್ಚಿಹಾಕುತ್ತದೆ. ಕಿವಿ ಸೋಲುವುದು ಇಲ್ಲಿಯೇ.

ಯಂತ್ರಕ್ಕೂ ಭ್ರಮೆ ಉಂಟು. ಹೊಂಡ ಬಿದ್ದ ರಸ್ತೆಯಲ್ಲಿ ಚಕ್ರ ಕುಲುಕಿದರೆ ಆ ಕುಲುಕಾಟ ಗೇರುಗಳ ಮೂಲಕ ಹಿಂದಕ್ಕೆ ಹರಿದು ಕ್ರ್ಯಾಂಕ್ ದಂಡವನ್ನೂ ತಡೆಯುತ್ತದೆ. ಆಗ ಎಂಜಿನ್ ನಿರಪರಾಧಿ, ತಪ್ಪು ರಸ್ತೆಯದು. ಆದ್ದರಿಂದ ಗಾಡಿಯ ಚಕ್ರಗಳ ವೇಗ ಏರುಪೇರಾಗುತ್ತಿದ್ದರೆ ನಿಯಂತ್ರಣ ಪೆಟ್ಟಿಗೆ ತೀರ್ಪು ಕೊಡುವುದನ್ನೇ ತಡೆಹಿಡಿಯುತ್ತದೆ. ಹಲ್ಲುಗಳೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಬಹುದು. ಇದಕ್ಕೆ ಮಾಡಿಕೊಂಡ ಪರಿಹಾರ ನಮಗೆ ಬಹಳ ಹಿಡಿಸಿತು. ಇಳಿಜಾರಿನಲ್ಲಿ ಗೇರಿನಲ್ಲಿಯೇ ಆಕ್ಸಿಲರೇಟರ್ ಬಿಟ್ಟಾಗ ಇಂಧನ ನಿಲ್ಲುತ್ತದೆ, ಯಾವ ಸಿಲಿಂಡರೂ ಉರಿಯುವುದಿಲ್ಲ. ಆಗಲೂ ಕಾಣುವ ವ್ಯತ್ಯಾಸ ಹಲ್ಲುಗಳದ್ದೇ ಆಗಿರಬೇಕು. ಅದನ್ನು ಕಲಿತಿಟ್ಟುಕೊಂಡು ಮುಂದಿನ ಲೆಕ್ಕದಲ್ಲಿ ಕಳೆಯುತ್ತದೆ.

ಇಂಥ ಲೆಕ್ಕಗಳ ಲೋಕ ನಮಗೆ ದೂರದ್ದಲ್ಲ. ಘಟ್ಟವಿಳಿದು ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿದರೆ ಕೊಯಮತ್ತೂರಿನ ಅಂಚಿನಲ್ಲಿ ಶರವಣಂಪಟ್ಟಿ ಸಿಗುತ್ತದೆ. 1984ರಲ್ಲಿ ಆರಂಭವಾದ ಕುಮರಗುರು ತಾಂತ್ರಿಕ ಕಾಲೇಜು ಇರುವುದು ಅಲ್ಲಿ. ಮೋಟಾರು ವಾಹನಗಳ ತಂತ್ರಾಂಶ ಬರೆಯುವ ಬಾಷ್ ಸಂಸ್ಥೆಯ ದೊಡ್ಡ ಕೇಂದ್ರವೂ ಅಲ್ಲೇ ಇದೆ. ತಂದೆತಾಯಿಗಳಿಗೆ ಮೈಕೋ ಪ್ಲಗ್ಗು ನೆನಪಿರಬಹುದು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡ ಆ ಮೈಕೋ ಇದೇ ಬಳಗದ್ದು.

ಒಂದು ಪೆಟ್ಟು ತಪ್ಪಿದರೆ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಉರಿಯದ ಪೆಟ್ರೋಲ್ ಮಾಯವಾಗುವುದಿಲ್ಲ. ಅದು ಹೊಗೆ ಕೊಳವೆಗೆ ಹೋಗಿ, ವಿಷಾನಿಲಗಳನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೇಪಿಸಿದ ಅದರ ಜೇನುಗೂಡಿನಂಥ ಒಳಭಾಗ ಅತಿಯಾಗಿ ಕಾದು ಕರಗಿಹೋಗಬಹುದು. ತಂತಿ ಬಿಡಿಸಬಾರದೆಂದು ಹೇಳಿದ ಇನ್ನೊಂದು ಕಾರಣ ಇದೇ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 1994ರ ಮಾದರಿಯ ಕಾರುಗಳಿಂದ ಹಂತಹಂತವಾಗಿ ಇಂಥ ತಪಾಸಣೆಯನ್ನು ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಕಾರುಗಳಲ್ಲಿಯೂ ಈ ಕಾವಲು ಇದೆ.

ಹೀಗಾಗಿ ಚಾಲಕನ ಮುಂದಿನ ಹಲಗೆಯಲ್ಲಿ ಎಂಜಿನ್ ಆಕಾರದ ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಬೇಕು. ಅದು ಮಿಣುಕುತ್ತಿದ್ದರೆ ಕನ್ವರ್ಟರಿಗೆ ಹಾನಿಯಾಗುತ್ತಿದೆ ಎಂದು ತಿಳಿಯಬೇಕು. ಕೂಡಲೇ ವೇಗ ತಗ್ಗಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು, ಒಣಹುಲ್ಲಿನ ಮೇಲೆ ಮಾತ್ರ ಬೇಡ. ಬೇಸಗೆಯಲ್ಲಿ ಸತ್ಯಮಂಗಲದ ಕಾಡಿಗೆ ಬೆಂಕಿ ತಗುಲಲು ಕಾದ ಕೊಳವೆಯೊಂದು ಸಾಕು.

ಗ್ಯಾರೇಜಿನವರು ಉಪಕರಣ ಜೋಡಿಸಿದಾಗ ಪಿ 0304 ಎಂಬ ಸಂಖ್ಯೆ ಕಂಡರೆ 4ನೆಯ ಸಿಲಿಂಡರ್ ತಪ್ಪುತ್ತಿದೆ ಎಂದರ್ಥ. ಪಿ 0300 ಎಂದಿದ್ದರೆ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ. ಸಂಖ್ಯೆ ಇಷ್ಟನ್ನೇ ಹೇಳುತ್ತದೆ. ಕೆಟ್ಟದ್ದು ಪ್ಲಗ್ಗೋ, ಕಾಯಿಲೋ, ಇಂಧನ ಚಿಮ್ಮುವ ಇಂಜೆಕ್ಟರೋ, ವಾಲ್ವೋ ಎಂಬುದನ್ನು ಮೆಕ್ಯಾನಿಕ್ಕೇ ಬಿಚ್ಚಿ ನೋಡಿ ಹೇಳಬೇಕು.