ಮುಚ್ಚಿಟ್ಟ ಅಂಕಪಟ್ಟಿ

ಅಂತರಘಟ್ಟೆಯ ಕಡೆ ನಮಗೆ ಪರಿಚಯದ ಒಂದು ಕುಟುಂಬವಿದೆ. ಸ್ವಲ್ಪ ಅಡಿಕೆ, ಸ್ವಲ್ಪ ತೆಂಗು, ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತು. ಒಂದು ಶನಿವಾರ ಆ ಮನೆಯ ತಾಯಿ ಪವಿತ್ರ ಹೃದಯದ ಪಟದ ಧೂಳು ಒರೆಸಲೆಂದು ಅದನ್ನು ಮೊಳೆಯಿಂದ ಇಳಿಸಿದರು. ಪಟದ ಹಿಂದಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದು ಕೆಳಗೆ ಬಿತ್ತು. ಬಿಡಿಸಿ ನೋಡಿದರೆ ಹತ್ತನೆಯ ತರಗತಿಯಲ್ಲಿದ್ದ ಮಗನ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ. ಗಣಿತಕ್ಕೆ ನೂರಕ್ಕೆ ಹತ್ತೊಂಬತ್ತು. ತಂದೆ ಸಹಿ ಹಾಕಬೇಕಾದ ಜಾಗ ಖಾಲಿಯಾಗಿತ್ತು.

"ಅಪ್ಪ ಹೊಡೀತಾರೆ ಅಂತ ಮುಚ್ಚಿಟ್ಟೆಯೇನೋ?" ಎಂದು ತಾಯಿ ಕೇಳಿದರು.

"ಹೊಡೆದರೆ ಪರವಾಗಿಲ್ಲಮ್ಮ. ಮಾತು ಬಿಟ್ಟುಬಿಡ್ತಾರೆ" ಎಂದ ಹುಡುಗ.

ಈ ಮಾತನ್ನು ನನಗೆ ಹೇಳಿದವರು ಆ ತಂದೆಯೇ. ಭಾನುವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತಿದ್ದಾಗ, ಯಾರಿಗೂ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದರು. "ಹತ್ತೊಂಬತ್ತು ನೋಡಿ ನನಗೆ ಸಿಟ್ಟು ಬರಲಿಲ್ಲ. ಮುಚ್ಚಿಟ್ಟದ್ದು ನೋಡಿ ಎದೆ ಒಡೆಯಿತು" ಎಂದರು.

ಮುಚ್ಚಿಟ್ಟ ಇನ್ನೊಬ್ಬನ ಕಥೆ ನಮಗೆಲ್ಲ ಗೊತ್ತು. ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಪ್ರಯಾಣ ಹೊರಟ ಧಣಿಯೊಬ್ಬ ತನ್ನ ಮೂವರು ಸೇವಕರಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸಿ ಹೋಗುತ್ತಾನೆ. ಮೂರನೆಯವನು ತನ್ನ ಪಾಲನ್ನು ಮಣ್ಣಿನಲ್ಲಿ ಹೂತಿಡುತ್ತಾನೆ. ಪ್ರಸಂಗಗಳಲ್ಲಿ ಈ ಸಾಮತಿಯನ್ನು ಎಷ್ಟೋ ಸಲ ಕೇಳಿದ್ದರೂ ಎರಡು ಸಂಗತಿಗಳು ನಮ್ಮ ಗಮನಕ್ಕೆ ಬಂದಿರುವುದಿಲ್ಲ.

ಒಂದು, ತಲಾಂತು ಎಂಬುದು ಪುಡಿಗಾಸಲ್ಲ. ಅದು ಸುಮಾರು ಆರು ಸಾವಿರ ದಿನಾರಿಗಳ ಮೊತ್ತ. ಒಂದು ದಿನಾರಿ ಎಂದರೆ ಕೂಲಿಯವನ ಒಂದು ದಿನದ ಸಂಬಳ. ಹಾಗಾದರೆ 'ಒಂದೇ' ತಲಾಂತು ಪಡೆದವನ ಕೈಯಲ್ಲಿದ್ದದ್ದು ಕೂಲಿಯಾಳು ಇಪ್ಪತ್ತು ವರ್ಷ ಬೆವರು ಸುರಿಸಿದರೆ ಸಿಗುವಷ್ಟು ಸೊತ್ತು! ಅವನು ಬಡವನಾಗಿದ್ದದ್ದು ಪಕ್ಕದವನ ಐದನ್ನು ನೋಡಿದಾಗ ಮಾತ್ರ. ಎರಡನೆಯದು ಇನ್ನೂ ಮುಖ್ಯ. ಐದಕ್ಕೆ ಐದು ಗಳಿಸಿದವನಿಗೂ ಎರಡಕ್ಕೆ ಎರಡು ಗಳಿಸಿದವನಿಗೂ ಧಣಿ ಆಡಿದ ಮೆಚ್ಚುಗೆಯ ಮಾತು ಒಂದೇ. 21ನೆಯ ಮತ್ತು 23ನೆಯ ವಚನಗಳನ್ನು ಪಕ್ಕಪಕ್ಕ ಇಟ್ಟು ಓದಿ ನೋಡಿರಿ. ಹತ್ತು ತಂದವನಿಗೆ ಪ್ರಥಮ ಸ್ಥಾನ, ನಾಲ್ಕು ತಂದವನಿಗೆ ಸಮಾಧಾನಕರ ಬಹುಮಾನ ಎಂದು ಆ ಧಣಿ ಹಂಚಲಿಲ್ಲ. ಅವನು ನೋಡಿದ್ದು, ಕೊಟ್ಟದ್ದರಿಂದ ಎಷ್ಟು ದೂರ ನಡೆದೆ ಎಂಬುದನ್ನು.

ಮೂರನೆಯವನು ಯಾಕೆ ಹೂತಿಟ್ಟ? ಸೋಮಾರಿ ಎಂದು ಧಣಿ ಗದರಿಸಿದ್ದು ನಿಜ. ಆದರೆ ಸೇವಕನ ಬಾಯಲ್ಲೇ ಬರುವ ಕಾರಣ ಬೇರೆ. ಅವನಿಗೆ ಭಯ. ನೀನು ಕಠಿಣ ಮನುಷ್ಯನೆಂದು ನನಗೆ ಗೊತ್ತಿತ್ತು ಎನ್ನುತ್ತಾನೆ ಅವನು. ಅಂತರಘಟ್ಟೆಯ ಹುಡುಗನೂ ಹೇಳಿದ್ದು ಅದನ್ನೇ ಅಲ್ಲವೇ? ಮಕ್ಕಳ ಸೋಲನ್ನು ಕುರಿತು ಚಿಂತಿಸುವ ಮೊದಲು, ನಮ್ಮ ಮಕ್ಕಳ ಕಣ್ಣಿಗೆ ನಾವು ಎಂಥ ಧಣಿಗಳಾಗಿ ಕಾಣುತ್ತಿದ್ದೇವೆ ಎಂದು ತಂದೆತಾಯಂದಿರಾದ ನಾವು ಕೇಳಿಕೊಳ್ಳಬೇಕು.

ಬೈದರೆ ಮಾತ್ರ ಮಕ್ಕಳು ಮುಚ್ಚಿಡುತ್ತಾರೆ ಎಂದು ತಿಳಿಯಬೇಡಿ. ಹೊಗಳಿದರೂ ಮುಚ್ಚಿಡುತ್ತಾರೆ! ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕೆರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ತೋರಿಸಿತು. ಐದನೆಯ ತರಗತಿಯ ಮಕ್ಕಳಿಗೆ ಕೆಲವು ಒಗಟುಗಳನ್ನು ಬಿಡಿಸಲು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ ನೀನು ಬುದ್ಧಿವಂತ ಎಂದು, ಕೆಲವರಿಗೆ ನೀನು ಚೆನ್ನಾಗಿ ಶ್ರಮಪಟ್ಟೆ ಎಂದು ಹೇಳಿದರು. ಅಷ್ಟೇ ವ್ಯತ್ಯಾಸ. ಮುಂದೇನು ಮಾಡುತ್ತೀರಿ ಎಂದು ಕೇಳಿದಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ಸುಲಭದ ಕಡೆಗೆ ವಾಲಿದರು, ಶ್ರಮಕ್ಕೆ ಮೆಚ್ಚುಗೆ ಪಡೆದವರಲ್ಲಿ ಬಹುತೇಕ ಎಲ್ಲರೂ ಕಲಿಯಲು ಸಿಗುವ ಕಷ್ಟದ್ದನ್ನು ಆರಿಸಿಕೊಂಡರು. ಆಮೇಲೆ ಕಠಿಣವಾದದ್ದನ್ನು ಕೊಟ್ಟು ಎಲ್ಲರನ್ನೂ ಸೋಲಿಸಿ, ಎಷ್ಟು ಅಂಕ ಬಂತು ಎಂದು ಬರೆಯಲು ಹೇಳಿದಾಗ, ಬುದ್ಧಿವಂತರೆನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಸುಳ್ಳು ಅಂಕ ಬರೆದರು. ಪಟದ ಹಿಂದೆ ಅಂಕಪಟ್ಟಿ ಅಡಗಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? 'ಜಾಣ' ಎಂಬ ಬಿರುದು ಕಳೆದುಹೋದೀತೆಂಬ ಭಯ ಎರಡರಲ್ಲೂ ಇದೆ.

ಇಲ್ಲಿ ನಮ್ಮ ಧರ್ಮಕೇಂದ್ರಗಳಿಗೂ ಒಂದು ಮಾತು. ವರ್ಷೋತ್ಸವದ ದಿನ ತೊಂಬತ್ತಕ್ಕೆ ಮೇಲ್ಪಟ್ಟವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಒಳ್ಳೆಯದೇ. ಆದರೆ ಇಪ್ಪತ್ತೆಂಟರಿಂದ ಐವತ್ತೊಂದಕ್ಕೆ ಏರಿದ ಹುಡುಗಿ ಹಿಂದಿನ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿರುತ್ತಾಳೆ. ಸಾಮತಿಯ ಧಣಿ ಬಂದಿದ್ದರೆ ಒಂದು ಶಾಲು ಅವಳಿಗೂ ಸಿಗುತ್ತಿತ್ತು ಎಂದು ನನ್ನ ಅನಿಸಿಕೆ.

ಆ ತಂದೆಗೆ ನಾನು ಇದನ್ನೆಲ್ಲ ವಿವರಿಸಲಿಲ್ಲ. ಅವರಿಗೆ ತಿಳಿದ ವಿಷಯವನ್ನೇ ಎತ್ತಿಕೊಂಡೆ. ದುರ್ಗಾಂಬ ಜಾತ್ರೆಗೆ ಸುತ್ತಲಿನ ತಾಲ್ಲೂಕುಗಳಿಂದ ಸಿಂಗರಿಸಿದ ಎತ್ತಿನಗಾಡಿಗಳು ಸಾಲುಗಟ್ಟಿ ಬರುವ ಊರು ಅಂತರಘಟ್ಟೆ. ಅಲ್ಲಿಯವರಿಗೆ ದನಗಳ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆಯುವಾಗ ಇವರೂ ನೆರೆಯವರೊಡನೆ ಹೋಗಿ ನಿಂತು ನೋಡುವವರೇ. ಚಿಕ್ಕದೇವರಾಜ ಒಡೆಯರ (1673-1704) 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಹೈದರಾಲಿ, ಟಿಪ್ಪು ಇಬ್ಬರ ಸೈನ್ಯದ ಫಿರಂಗಿ ಗಾಡಿಗಳನ್ನೂ ಎಳೆದದ್ದು ಈ ದನಗಳೇ. ನಾನು ಕೇಳಿದೆ: "ಅಮೃತಮಹಲ್ ಹಸು ಎಷ್ಟು ಹಾಲು ಕೊಡುತ್ತದೆ?"

ಅವರು ನಕ್ಕರು. "ಕರುವಿಗಾದರೆ ಸಾಕು. ಅದನ್ನು ಹಾಲಿಗೆ ಯಾರು ಸಾಕುತ್ತಾರೆ? ಅದರ ತಾಕತ್ತು ಇರುವುದು ನಡಿಗೆಯಲ್ಲಿ. ಬಲಿಯುವುದೂ ನಿಧಾನ. ಅವಸರಪಟ್ಟು ನೊಗಕ್ಕೆ ಹೂಡಿದರೆ ಕೆಡುತ್ತದೆ."

"ಹೋರಿಗೆ ಕೊಡುವ ಸಮಯವನ್ನು ಮಗನಿಗೆ ಕೊಟ್ಟಿದ್ದೀರಾ?" ಎಂದು ಕೇಳಬೇಕೆಂದಿದ್ದೆ. ಕೇಳುವ ಮೊದಲೇ ಅವರ ಮುಖ ಬದಲಾಯಿತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 'ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ' ಎಂದು ಗೋಡೆಯ ಮೇಲೆ ಬರೆದು ತೂಗುಹಾಕುವವರ ಮಾತನ್ನು ನಾನು ಪೂರ್ತಿ ನಂಬುವವನಲ್ಲ. ಕೊಳವೆಬಾವಿ ಬತ್ತಿದ ಮನೆಯ ಹುಡುಗನಿಗೂ ಟ್ಯೂಷನ್ನಿಗೆ ಕಾರಿನಲ್ಲಿ ಹೋಗುವವನಿಗೂ ದಾರಿ ಒಂದೇ ಅಲ್ಲ. ಬುದ್ಧಿ ಬೆಳೆಯಬಲ್ಲದು ಎಂಬ ತಿಳಿವಳಿಕೆಯನ್ನು ಅಮೆರಿಕದ ಸುಮಾರು ಹನ್ನೆರಡು ಸಾವಿರ ಒಂಬತ್ತನೆಯ ತರಗತಿಯ ಮಕ್ಕಳಲ್ಲಿ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಿಂದುಳಿದ ಮಕ್ಕಳ ಅಂಕಗಳು ಏರಿದ್ದು ನಿಜ, ಆದರೆ ಸ್ವಲ್ಪವೇ. ಸುತ್ತಲಿನವರೂ ಕಷ್ಟದ ಪಾಠಕ್ಕೆ ಬೆಂಬಲವಾಗಿದ್ದ ಶಾಲೆಗಳಲ್ಲಿ ಫಲ ಹೆಚ್ಚು ಚೆನ್ನಾಗಿತ್ತು. ಮನೋಭಾವ ಬೀಜವಿದ್ದಂತೆ. ಹೊಲವನ್ನು ಹದ ಮಾಡುವ ಕೆಲಸ ಮನೆಯದು, ಶಾಲೆಯದು, ನೆರೆಯವರದು.

ಪ್ರತಿ ವರ್ಷ ಫಲಿತಾಂಶದ ದಿನಗಳಲ್ಲಿ ಪತ್ರಿಕೆಯ ಒಳಪುಟದಲ್ಲಿ ಬರುವ ಸುದ್ದಿಗಳನ್ನು ನೆನೆದರೆ ಕೈ ನಡುಗುತ್ತದೆ. ಹದಿನಾರು ವರ್ಷದ ಮಗು ಒಂದು ಅಂಕಪಟ್ಟಿಗಾಗಿ ಪ್ರಾಣ ಕಳೆದುಕೊಳ್ಳುತ್ತದೆ. ಆದ್ದರಿಂದ ಎರಡು ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. 2024ರಲ್ಲಿ ನಮ್ಮ ರಾಜ್ಯದ ಪರೀಕ್ಷಾ ಮಂಡಳಿ ಎಸ್.ಎಸ್.ಎಲ್.ಸಿ.ಯನ್ನು ಅದೇ ವರ್ಷದಲ್ಲಿ ಮತ್ತೆ ಬರೆದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳುವ ಕ್ರಮವನ್ನು ತಂದಿತು. ಒಂದು ಸೋಲಿಗೆ ವರ್ಷವೇ ಹೋಯಿತೆಂಬ ಕಾಲ ಈಗಿಲ್ಲ. ಮನಸ್ಸು ಕುಗ್ಗಿದವರು ಹಗಲಿರುಳೆನ್ನದೆ ಮಾತಾಡಲು ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ ಇದೆ, ಸಂಖ್ಯೆ 14416. ಕ್ಯಾಲೆಂಡರಿನ ಪಕ್ಕ ಬರೆದಿಡಿ.

ಇನ್ನು ದೊಡ್ಡವರ ವಿಷಯ. ನಮ್ಮ ಕಲಿಕೆ ಮುಗಿಯಿತೆಂದು ನಾವು ನಿರ್ಧರಿಸಿದ ದಿನದಿಂದಲೇ ಮಕ್ಕಳ ಕಲಿಕೆಯ ಮೇಲೆ ಕಾವಲು ಕೂರುತ್ತೇವೆ. ಸಂತ ಇಗ್ನೇಷಿಯಸ್ ಲೊಯೋಲರನ್ನು ನೋಡಿರಿ. 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಗುಂಡು ತಗುಲಿ ಕಾಲು ಮುರಿದುಕೊಂಡ ಯೋಧ ಅವರು. 1524ರಲ್ಲಿ, ಮೂವತ್ತಮೂರರ ಹೊತ್ತಿಗೆ, ಬಾರ್ಸಿಲೋನದಲ್ಲಿ ಎಳೆಯ ಹುಡುಗರು ಕಲಿಯುವ ಲತೀನ್ ವ್ಯಾಕರಣವನ್ನು ಮೊದಲಿನಿಂದ ಕಲಿಯತೊಡಗಿದರು. ಶಬ್ದರೂಪಗಳನ್ನು ಬಾಯಿಪಾಠ ಮಾಡಲು ಕುಳಿತರೆ ಭಕ್ತಿಯ ಆಲೋಚನೆಗಳು ನುಗ್ಗಿ ಬರುತ್ತಿದ್ದವಂತೆ. ಪ್ರಾರ್ಥನೆಗೆ ಕುಳಿತಾಗ ಅಷ್ಟು ಬರುತ್ತಿರಲಿಲ್ಲ! ಇದು ಪಾಠ ತಪ್ಪಿಸುವ ಶೋಧನೆ ಎಂದು ಗುರುತಿಸಿ, ನೇರವಾಗಿ ಗುರುವಿನ ಬಳಿ ಹೋಗಿ ಒಪ್ಪಿಕೊಂಡು, ಎರಡು ವರ್ಷ ತಪ್ಪದೆ ಪಾಠ ಕೇಳುತ್ತೇನೆಂದು ಮಾತು ಕೊಟ್ಟರು. ಪ್ಯಾರಿಸ್ಸಿನಲ್ಲಿ ಎಂ.ಎ. ಪದವಿ ಕೈಗೆ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಯೇಸುಸಭೆಗೆ ಜಗದ್ಗುರುಗಳ ಅಂಗೀಕಾರ ದೊರೆತದ್ದು 1540ರಲ್ಲಿ. ತನ್ನ ದಡ್ಡತನವನ್ನು ಗುರುವಿನ ಮುಂದೆ ತೆರೆದಿಟ್ಟ ಆ ದಿನ ಇಲ್ಲದಿದ್ದರೆ ಮುಂದಿನದು ಹೇಗಿರುತ್ತಿತ್ತೋ.

ನಮ್ಮ ನೆಲದಲ್ಲೇ ಹರೇಕಳ ಹಾಜಬ್ಬನವರಿದ್ದಾರೆ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಅವರಿಗೆ ವಿದೇಶೀಯರು ಇಂಗ್ಲಿಷಿನಲ್ಲಿ ಕೇಳಿದ ಬೆಲೆಗೆ ಉತ್ತರ ಕೊಡಲಾಗಲಿಲ್ಲ. ಆ ನಾಚಿಕೆಯನ್ನು ಅವರು ಹೂತಿಡಲಿಲ್ಲ. ತಮ್ಮ ಊರು ನ್ಯೂಪಡ್ಪುವಿನಲ್ಲಿ ಶಾಲೆ ಆಗಬೇಕೆಂದು ಅಲೆದು, 1999ರಲ್ಲಿ ಮದರಸದ ಕಟ್ಟಡದಲ್ಲೇ ತರಗತಿ ಆರಂಭವಾಗುವಂತೆ ಮಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಕೈಯಿಂದ ಅದನ್ನು ಬರಿಗಾಲಲ್ಲೇ ಹೋಗಿ ಸ್ವೀಕರಿಸಿದರು. ಅಂಕಪಟ್ಟಿಯ ಲೆಕ್ಕದಲ್ಲಿ ಅವರಿಗೆಷ್ಟು ಕೊಡುತ್ತೀರಿ?

ಈ ವಾರ ರಾತ್ರಿಯ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಕುಳಿತುಕೊಳ್ಳಿರಿ. ಕಳೆದ ವರ್ಷ ಬಾರದಿದ್ದ ಏನು ಈ ವರ್ಷ ನಿನಗೆ ಬರುತ್ತದೆ ಎಂದು ಮಕ್ಕಳನ್ನು ಕೇಳಿರಿ. ಅದೇ ಪ್ರಶ್ನೆಗೆ ನೀವೂ ಉತ್ತರಿಸಬೇಕು, ಅಜ್ಜಿಯೂ ಉತ್ತರಿಸಬೇಕು. ಉತ್ತರ ಹೊಳೆಯದಿದ್ದರೆ ನಾಚಿಕೆ ಬೇಡ. ಏನು ಕಲಿಯೋಣ ಎಂದು ಅಲ್ಲಿಯೇ ಮಾತಾಡಿಕೊಳ್ಳಿರಿ.

ಅಂತರಘಟ್ಟೆಯ ಆ ಮನೆಯಲ್ಲಿ ಅಂದು ರಾತ್ರಿ ತಂದೆ ತಮ್ಮ ಟ್ರಂಕಿನ ತಳದಿಂದ ಒಂದು ಹಳೆಯ ಕಾಗದವನ್ನು ತೆಗೆದು ಮಗನ ಮುಂದೆ ಇಟ್ಟರಂತೆ. ಅವರ ಸ್ವಂತ ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಇಂಗ್ಲಿಷಿನಲ್ಲಿ ಎರಡು ಸಲ ಫೇಲು. ಮದುವೆಯಾಗಿ ಹದಿನೆಂಟು ವರ್ಷವಾದರೂ ಹೆಂಡತಿಗೂ ತೋರಿಸಿರಲಿಲ್ಲ. ಹುಡುಗ ಅದನ್ನು ಓದಿ, ತಂದೆಯ ಮುಖ ನೋಡಿ, ಎಷ್ಟೋ ದಿನಗಳ ನಂತರ ನಕ್ಕನಂತೆ. ಮರುದಿನ ಸಂಜೆ ಅಪ್ಪ, ಮಗ ಇಬ್ಬರೂ ಗಣಿತದ ಮೇಷ್ಟರ ಮನೆಗೆ ನಡೆದುಕೊಂಡು ಹೋದರು. ವಾರ್ಷಿಕ ಪರೀಕ್ಷೆಯಲ್ಲಿ ಹುಡುಗನಿಗೆ ನಲವತ್ತೊಂದು ಬಂತು. ಹತ್ತೊಂಬತ್ತರ ಆ ಹಾಳೆಗೆ ತಡವಾಗಿಯಾದರೂ ತಂದೆ ಸಹಿ ಹಾಕಿದ್ದಾರೆ. ಅದು ಈಗಲೂ ಪಟದ ಹಿಂದೆಯೇ ಇದೆ, ಜೊತೆಗೆ ಅವರದೂ ಒಂದು.